ಪೇಶ್ವೆಯ ದಕ್ಷಿಣೆ, ಕಾಲೇಜಿನ ವಿದ್ಯಾರ್ಥಿವೇತನ

ದಕ್ಷಿಣೆ ಎಂದೊಡನೆ ಕಣ್ಣ ಮುಂದೆ ಬರುವುದು ವೀಳ್ಯದೆಲೆಯ ಮೇಲಿನ ನಾಣ್ಯ. ಆದರೆ ಕಾಲೇಜು ವಿದ್ಯಾರ್ಥಿಯನ್ನು ಓದಿಸಿದ ದಕ್ಷಿಣೆಯೂ ಒಂದಿತ್ತು.

ಪೇಶ್ವೆಗಳ ಕಾಲದಲ್ಲಿ ಶ್ರಾವಣ ಬಂತೆಂದರೆ ಬ್ರಾಹ್ಮಣ ಪಂಡಿತರು ದೂರದೂರುಗಳಿಂದ ಪುಣೆಗೆ ಹೊರಡುತ್ತಿದ್ದರು. ಅಲ್ಲಿ ಅವರಿಗೆ ಹಣ ಹಂಚಲಾಗುತ್ತಿತ್ತು. 1818ರಲ್ಲಿ ಪೇಶ್ವೆ ಆಳ್ವಿಕೆ ಮುಗಿದರೂ ಬ್ರಿಟಿಷರು ಇದನ್ನು ಒಮ್ಮೆಲೇ ನಿಲ್ಲಿಸಲಿಲ್ಲ. ಪಂಡಿತರನ್ನು ಕೆಣಕುವ ಧೈರ್ಯ ಅವರಿಗೂ ಇರಲಿಲ್ಲ. ನಿಧಿಯ ಒಂದು ಪಾಲಿನಿಂದ 1821ರಲ್ಲಿ ಪುಣೆಯಲ್ಲಿ ಸಂಸ್ಕೃತ ಕಾಲೇಜು ತೆರೆದರು. ಮರಾಠಿ ಪುಸ್ತಕಗಳಿಗೂ ಇದರಿಂದ ಬಹುಮಾನ ಕೊಡಿ ಎಂದು 1849ರಲ್ಲಿ ಸುಧಾರಕರು ಅರ್ಜಿ ಹಾಕಿದಾಗ ಸಂಪ್ರದಾಯಸ್ಥರು ಕೆರಳಿದರು. ಬಹುಮಾನವೇನೋ ಬಂತು, ಆದರೆ ಜೋತಿಬಾ ಫುಲೆ 1855ರಲ್ಲಿ ಬರೆದ ‘ತೃತೀಯ ರತ್ನ’ ನಾಟಕವನ್ನು ಬಹುಮಾನ ಸಮಿತಿ ತಿರಸ್ಕರಿಸಿತು.

ಮುಂದೆ ಇದೇ ನಿಧಿ ಕಾಲೇಜುಗಳಲ್ಲಿ ‘ದಕ್ಷಿಣಾ ಫೆಲೋಶಿಪ್’ ಆಯಿತು. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ಮಹಾದೇವ ಗೋವಿಂದ ರಾನಡೆ ಮೊದಲು ತಿಂಗಳಿಗೆ 60 ರೂಪಾಯಿ, ಬಳಿಕ 120 ರೂಪಾಯಿ ಪಡೆದರು.

ಅದೇ ಕಾಲೇಜಿನಲ್ಲಿ ರಾನಡೆ ಒಂದು ಪ್ರಬಂಧ ಬರೆದು, ಬ್ರಿಟಿಷರ ಆಡಳಿತಕ್ಕಿಂತ ಮರಾಠರದೇ ಮೇಲು ಎಂದರು. ಪ್ರಿನ್ಸಿಪಾಲ್ ಸರ್ ಅಲೆಕ್ಸಾಂಡರ್ ಗ್ರಾಂಟ್ ಅವರಿಗೆ ಸಿಟ್ಟು ಬಂತು. ವಿದ್ಯೆ ಕೊಡುತ್ತಿರುವ ಸರಕಾರವನ್ನೇ ಹಳಿಯಬಾರದೆಂದು ಬುದ್ಧಿ ಹೇಳಿದರು. ರಾನಡೆಯವರ ವಿದ್ಯಾರ್ಥಿವೇತನ ಆರು ತಿಂಗಳು ನಿಂತುಹೋಯಿತು. ದಕ್ಷಿಣೆಯ ಮೂಲ ಮರಾಠರದೇ ಬೊಕ್ಕಸವೆಂಬುದು ಪ್ರಿನ್ಸಿಪಾಲರಿಗೆ ಆಗ ನೆನಪಾಗಲಿಲ್ಲವೋ ಏನೋ!

ರಾನಡೆ ಮಾತ್ರ ಆ ವಿಷಯ ಬಿಡಲಿಲ್ಲ. ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾಗಿದ್ದಾಗಲೇ, 1900ರಲ್ಲಿ, ಮರಾಠಾ ಶಕ್ತಿಯ ಉದಯವನ್ನು ಕುರಿತ ಅವರ ಗ್ರಂಥ ಹೊರಬಂತು.