ತಪಸ್ಸು ಕಾಲ ಮತ್ತು ಸಿನಿಮಾ

ನಮ್ಮ ಮನೆಯಲ್ಲಿ ತಪಸ್ಸು ಕಾಲವೆಂದರೆ ನಲವತ್ತು ದಿನ ಮಾಂಸವಿಲ್ಲ, ಸಿನಿಮಾವಂತೂ ಇಲ್ಲವೇ ಇಲ್ಲ. "ಯೇಸುಸ್ವಾಮಿ ಶಿಲುಬೆ ಹೊರುವಾಗ ನಿನಗೆ ಟಾಕೀಸು ಬೇಕಾ?" ಅನ್ನುತ್ತಿದ್ದಳು ಅಮ್ಮ. ಇಂದಿರಾಪುರಂಗೆ ಬಂದು ಇಪ್ಪತ್ತು ವರ್ಷವಾದರೂ ನಾನು ಆ ನಿಯಮ ಬಿಟ್ಟಿರಲಿಲ್ಲ.

ಆದರೆ ತಮಾಷೆ ನೋಡಿ, ನಮ್ಮ ದೇಶದ ಸಿನಿಮಾ ಹುಟ್ಟಿದ್ದೇ ಯೇಸುವಿನ ಚಿತ್ರ ನೋಡಿ! 1911ರ ಸುಮಾರಿಗೆ ದಾದಾಸಾಹೇಬ್ ಫಾಲ್ಕೆ ಮುಂಬಯಿಯಲ್ಲಿ 'ದಿ ಲೈಫ್ ಆಫ್ ಕ್ರೈಸ್ಟ್' ನೋಡಿದರು. ಪರದೆಯ ಮೇಲೆ ಕ್ರಿಸ್ತ ನಡೆಯುತ್ತಿದ್ದರೆ ಅವರ ಮನಸ್ಸಿನಲ್ಲಿ ರಾಮ, ಕೃಷ್ಣ, ಗೋಕುಲ, ಅಯೋಧ್ಯೆ ಸುಳಿದವಂತೆ. 1917ರಲ್ಲಿ ಅವರೇ ಹೀಗೆ ಬರೆದುಕೊಂಡಿದ್ದಾರೆ. ಹೆಂಡತಿ ಸರಸ್ವತೀಬಾಯಿಯವರನ್ನೂ ಕರೆದೊಯ್ದು ಅದನ್ನು ತೋರಿಸಿದರು. ಆ ಹಂಬಲವೇ 1913ರ ಮೇ 3ರಂದು 'ರಾಜಾ ಹರಿಶ್ಚಂದ್ರ'ವಾಗಿ ತೆರೆಗೆ ಬಂತು.

ಇಟಲಿಯಲ್ಲಿ ಇನ್ನೂ ವಿಚಿತ್ರ. ದೇವರನ್ನು ನಂಬದ, ಮಾರ್ಕ್ಸ್‌ವಾದಿಯಾದ ಪಸೋಲಿನಿ 1964ರಲ್ಲಿ ಮತ್ತಾಯನ ಶುಭಸಂದೇಶವನ್ನೇ ಸಿನಿಮಾ ಮಾಡಿದರು. ಸಿನಿಮಾಕ್ಕೆ ನೂರು ತುಂಬಿದ 1995ರಲ್ಲಿ ವ್ಯಾಟಿಕನ್ ಆರಿಸಿದ 45 ಚಿತ್ರಗಳಲ್ಲಿ ಅದೂ ಒಂದು!

ಹೋದ ವರ್ಷ ಶುಭ ಶುಕ್ರವಾರ ಸಂಜೆ, ಚರ್ಚಿನಲ್ಲಿ ಶಿಲುಬೆ ಹಾದಿ ಮುಗಿಸಿ ಬಂದು, ಅಳುಕುತ್ತಲೇ ಆ ಚಿತ್ರ ಹಾಕಿಕೊಂಡೆ. ಶಿಲುಬೆಯ ಬಳಿ ಮುದಿ ಮರಿಯಮ್ಮ ಕುಸಿಯುತ್ತಾಳೆ. ಆ ಪಾತ್ರ ಮಾಡಿದವರು ಪಸೋಲಿನಿಯ ಸ್ವಂತ ತಾಯಿ, ಸುಸಾನ್ನಾ. ನಂಬದ ಮಗ, ಅಳುವ ತಾಯಿ. ನನಗೆ ಮುಂದೆ ನೋಡಲಾಗಲಿಲ್ಲ, ನಿಲ್ಲಿಸಿ ಕಣ್ಣೊರೆಸಿಕೊಂಡೆ.

ಅಮ್ಮ ಈಗಿಲ್ಲ. ಫಾಲ್ಕೆಯವರು ಹೆಂಡತಿಗೆ ತೋರಿಸಿದ ಹಾಗೆ ನಾನೂ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ತೋರಿಸಬೇಕಿತ್ತು. ಬೈಯುತ್ತಿದ್ದಳೋ, ಜಪಸರ ಹಿಡಿದು ಕೊನೆಯವರೆಗೂ ನೋಡುತ್ತಿದ್ದಳೋ...

ನಿಮ್ಮ ಮನೆಯಲ್ಲೂ ಇಂಥ ನಿಯಮವಿತ್ತೇ?