ತೇರಿನಂಥ ಬೇಸ್ ಪೆಟ್ಟಿಗೆ ಬಗಲಿಗೆ ಬಂದ ಕಥೆ

ಜಾತ್ರೆಯಲ್ಲಿ ರಸಮಂಜರಿ ಕಾರ್ಯಕ್ರಮ ಇದ್ದಾಗ ವೇದಿಕೆಯನ್ನೊಮ್ಮೆ ಗಮನಿಸಿ. ಹಾಡುವವರು ಇರುತ್ತಾರೆ, ಕೀಬೋರ್ಡ್ ಇರುತ್ತದೆ, ರಿದಮ್ ಪ್ಯಾಡ್ ಇರುತ್ತದೆ, ಢೋಲಕ್ ಇರುತ್ತದೆ. ನಾಲ್ಕು ದಪ್ಪ ತಂತಿಯ ಬೇಸ್ ಗಿಟಾರ್ ಹಿಡಿದವರು ಮಾತ್ರ ಅಪರೂಪ. ಹಾಡಿನ ಕೆಳಗೆ 'ದುಂ ದುಂ' ಅಂತ ನಡೆಯುವ ಆ ಸ್ವರವನ್ನು ಕೀಬೋರ್ಡಿನವರ ಎಡಗೈ ನುಡಿಸುತ್ತದೆ. ಇಲ್ಲವೆಂದರೆ ಪೆನ್‌ಡ್ರೈವ್‌ನಲ್ಲಿ ತಂದ ಟ್ರ್ಯಾಕ್ ನುಡಿಸುತ್ತದೆ.

ಇದಕ್ಕೆ ಕಾರಣ ಹಲವು ಇರಬಹುದು. ಭಾರ ಅದರಲ್ಲಿ ಒಂದು. ಬೇಸ್ ಗಿಟಾರ್ 4 ಕಿಲೋ ಆಸುಪಾಸು ತೂಗುತ್ತದೆ. ಅದನ್ನು ಕೇಳಿಸುವ ಆಂಪ್ಲಿಫೈಯರ್ ಮತ್ತು ಸ್ಪೀಕರ್ ಪೆಟ್ಟಿಗೆ ಒಂದು ಕಾಲದಲ್ಲಿ ಒಂದು ಕ್ವಿಂಟಲ್ ಜೋಳದಷ್ಟು ತೂಗುತ್ತಿತ್ತು. ಕೂಡ್ಲಿಗಿಯಿಂದ ಹರಪನಹಳ್ಳಿಗೆ ಬಸ್ಸಿನಲ್ಲಿ ಹೋಗಿ ಬಾರಿಸಿ ಬರಬೇಕಾದ ಹುಡುಗ ಅದನ್ನು ಹೊರುವುದು ಹೇಗೆ? ಟೆಂಪೋ ಬಾಡಿಗೆ ಕೊಟ್ಟರೆ ಸಂಭಾವನೆಯಲ್ಲಿ ಉಳಿಯುವುದು ಏನು?

ಈಗ ಆ ಭಾರ ಇಳಿದಿದೆ. ಎಲ್ಲೆಲ್ಲಿ ಇಳಿಯಿತು, ಹೇಗೆ ಇಳಿಯಿತು ಅನ್ನುವುದು ಒಳ್ಳೆಯ ಚರಿತ್ರೆ. ಅದು ಗೊತ್ತಿದ್ದರೆ ಕಡಿಮೆ ದುಡ್ಡಿನಲ್ಲಿ ಹಗುರವಾದ ಸೆಟ್ ಜೋಡಿಸುವ ದಾರಿಯೂ ಕಾಣುತ್ತದೆ.

ಕರೆಂಟ್ ಬೇಡದ ಕೆಳದನಿ

ತಗ್ಗಿನ ಸ್ವರ ನಮ್ಮ ಕಡೆಗೆ ಹೊಸದಲ್ಲ. ಎಲ್ಲಮ್ಮನ ಜೋಗತಿಯರ ಚೌಡಿಕೆಯನ್ನೇ ನೋಡಿ. ಟೊಳ್ಳು ಕೊಳಗ, ಅದರ ಬಾಯಿಗೆ ಚರ್ಮ, ನಡುವಿನಿಂದ ಬಿಗಿದ ಒಂದೇ ತಂತಿ. ಬಗಲಲ್ಲಿ ಇಟ್ಟುಕೊಂಡು, ತಂತಿಯನ್ನು ಬಿಗಿ ಸಡಿಲ ಮಾಡುತ್ತಾ ಮೀಟಿದರೆ ಸ್ವರ ಏರಿಳಿಯುತ್ತದೆ. ಹಾಡಿನ ತಳಪಾಯ ಅದೇ. ಹಗರಿಬೊಮ್ಮನಹಳ್ಳಿಯಿಂದ ಹೊಸಪೇಟೆ ದಾರಿಯಲ್ಲಿ ಸಿಗುವ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಈ ಕಲೆಯ ಹೆಸರು ದೇಶಕ್ಕೆಲ್ಲ ಕೇಳಿಸಿತು. ಸಮಾಳ, ಡೊಳ್ಳುಗಳ ಕೆಲಸವೂ ಅದೇ, ಎದೆಗೆ ತಾಗುವ ಕೆಳದನಿ. ಇವೆಲ್ಲ ಒಬ್ಬ ಮನುಷ್ಯ ಹೊತ್ತು ನಡೆಯುವ ವಾದ್ಯಗಳು.

ದೊಡ್ಡ ಜನಸಂದಣಿಗೆ ಒಂದು ಮಾತು ಮುಟ್ಟಿಸುವ ಹಳೆಯ ವಿಧಾನವೂ ನಮ್ಮಲ್ಲೇ ಇದೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆ ಹೊತ್ತಿಗೆ, ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಅಂತ ಕೂಗುತ್ತಾರೆ. ಲಕ್ಷಾಂತರ ಜನ ಸ್ತಬ್ಧರಾಗುತ್ತಾರೆ. ಆಮೇಲೆ ಕಾರಣಿಕ. ಕೇಳಿಸಬೇಕೆಂದರೆ ಎತ್ತರಕ್ಕೆ ಹೋಗಬೇಕು, ಉಳಿದವರು ಸುಮ್ಮನಾಗಬೇಕು ಅನ್ನುವುದು ಅಲ್ಲಿನ ಲೆಕ್ಕ. ಮದುವೆ ಮನೆಯಲ್ಲಿ, ರಸಮಂಜರಿಯಲ್ಲಿ ಜನ ಹಾಗೆ ಸುಮ್ಮನಾಗುವುದಿಲ್ಲ. ಅಲ್ಲಿ ಯಂತ್ರ ಬೇಕು.

ಮೈಕ್ ಬಂತು, ಬೇಸ್ ಬರಲಿಲ್ಲ

1915ರಲ್ಲಿ ಅಮೆರಿಕದಲ್ಲಿ ಜೆನ್ಸನ್ ಮತ್ತು ಪ್ರಿಡಮ್ ಎಂಬ ಇಬ್ಬರು ಮ್ಯಾಗ್ನಾವಾಕ್ಸ್ ಎಂಬ ಧ್ವನಿವರ್ಧಕದಿಂದ ದೊಡ್ಡ ಸಭೆಗೆ ಮಾತು, ಹಾಡು ಕೇಳಿಸಿದರು. ಭಾರತದಲ್ಲಿ ಸ್ವಾತಂತ್ರ್ಯ ಹೋರಾಟದ ದೊಡ್ಡ ಸಭೆಗಳಿಗೆ ಮುಂಬೈನ ಶಿಕಾಗೊ ರೇಡಿಯೊ ಕಂಪನಿ ಧ್ವನಿವರ್ಧಕ ಒದಗಿಸಿತು. 1940ರಲ್ಲಿ ದೆಹಲಿಯಲ್ಲಿ ಅಹುಜಾ ರೇಡಿಯೋಸ್ ಶುರುವಾಯಿತು. ನಮ್ಮ ಮೈಕ್‌ಸೆಟ್ ಅಂಗಡಿಗಳಲ್ಲಿ 'ಅಹುಜಾ ಯೂನಿಟ್' ಅನ್ನುವ ಮಾತು ಇವತ್ತಿಗೂ ನಡೆಯುತ್ತದೆ.

ಆ ಕಾಲದ ಸೆಟ್ ಅಂದರೆ ವಾಲ್ವ್ ಆಂಪ್ಲಿಫೈಯರ್, ಕರೆಂಟ್ ಇಲ್ಲದ ಊರಿಗೆ ಬ್ಯಾಟರಿ, ಕಂಬಕ್ಕೋ ಮರಕ್ಕೋ ಕಟ್ಟಿದ ಹಾರ್ನ್. ಹಾರ್ನ್ ಮಾತಿಗೆ ಹೇಳಿ ಮಾಡಿಸಿದ್ದು. ಮಾತು ಅರ್ಥವಾಗುವುದಕ್ಕೆ ಬೇಕಾದ ಕಂಪನ ಹೆಚ್ಚುಕಮ್ಮಿ ಸೆಕೆಂಡಿಗೆ 300ರಿಂದ 3,400. ಕಡಿಮೆ ವ್ಯಾಟ್‌ನಲ್ಲೇ ಅದು ಪಕ್ಕದ ಊರಿಗೂ ಕೇಳಿಸುತ್ತದೆ.

ಬೇಸ್ ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ 41 ಸಲ ಮಾತ್ರ ಕಂಪಿಸುತ್ತದೆ. ಆ ಸದ್ದಿನ ಒಂದು ಅಲೆಯ ಉದ್ದ ಸುಮಾರು 27 ಅಡಿ. ಅಷ್ಟು ಉದ್ದದ ಅಲೆ ಎಬ್ಬಿಸಲು ತುಂಬಾ ಗಾಳಿ ತಳ್ಳಬೇಕು. ಅದಕ್ಕೆ ಅಗಲವಾದ ಕೋನ್, ದೊಡ್ಡ ಅಯಸ್ಕಾಂತ, ಅದುರದ ಗಟ್ಟಿ ಪೆಟ್ಟಿಗೆ, ಜಾಸ್ತಿ ವ್ಯಾಟ್ ಬೇಕು. ಸದ್ದು ಕಿವಿಗೆ ಎರಡುಪಟ್ಟು ಜೋರಾಗಿ ಕೇಳಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಹಾಕಬೇಕು. ಮೈಕ್‌ಸೆಟ್ ಊರೂರಿಗೆ ಬಂದರೂ ಬೇಸ್ ಬರದೇ ಇದ್ದದ್ದು ಇದಕ್ಕೇ.

ಒಂದು ಕ್ವಿಂಟಲ್ ತಲುಪಿದ ಪೆಟ್ಟಿಗೆ

ಮೊದಲಿಗೆ ಭಾರ ಇದ್ದದ್ದು ವಾದ್ಯದಲ್ಲೇ. ಆಳೆತ್ತರದ ಡಬಲ್ ಬೇಸ್ ಅನ್ನು ಅಮೆರಿಕದ ಕಲಾವಿದರು ಕಾರಿನ ತಲೆ ಮೇಲೆ ಕಟ್ಟಿಕೊಂಡು ಹೋಗುತ್ತಿದ್ದರು. ಅಷ್ಟು ಕಷ್ಟಪಟ್ಟು ತಂದರೂ ಡ್ರಮ್ ಮುಂದೆ ಅದು ಕೇಳಿಸುತ್ತಿರಲಿಲ್ಲ. 1940ರ ದಶಕದಲ್ಲಿ ಎವರೆಟ್ ಹಲ್ ಎಂಬವರು ಅದರ ಕೆಳಗಿನ ಗೂಟದೊಳಗೆ, ಅಂದರೆ ಪೆಗ್‌ನೊಳಗೆ, ಮೈಕ್ ಇಟ್ಟರು. 'ಆಂಪ್ಲಿಫೈಡ್ ಪೆಗ್' ಅನ್ನುವುದೇ 'ಆಂಪೆಗ್' ಕಂಪನಿಯ ಹೆಸರಾಯಿತು.

1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೊ ಫೆಂಡರ್, ಕುತ್ತಿಗೆಗೆ ಪಟ್ಟಿ ಹಾಕಿ ನಿಂತು ಬಾರಿಸಬಹುದಾದ ಪ್ರಿಸಿಶನ್ ಬೇಸ್ ತಂದರು. ವಾದ್ಯ ಹಗುರಾಯಿತು. ಅದಕ್ಕೆಂದೇ 1952ರಲ್ಲಿ 15 ಇಂಚಿನ ಒಂದು ಸ್ಪೀಕರ್ ಇದ್ದ ಬೇಸ್‌ಮನ್ ಆಂಪ್ಲಿಫೈಯರ್ ಬಂತು. ಸಭಾಂಗಣಗಳು ದೊಡ್ಡವಾದಂತೆ ಅದೂ ಸಾಲದಾಯಿತು. 1969ರಲ್ಲಿ ಆಂಪೆಗ್ ಕಂಪನಿ ಎಸ್‌ವಿಟಿ ಎಂಬ 300 ವ್ಯಾಟ್‌ನ ವಾಲ್ವ್ ಹೆಡ್ ತಂದಿತು. ಆ ವರ್ಷದ ಅಮೆರಿಕ ಪ್ರವಾಸದಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಅದನ್ನು ಬಳಸಿತು. ಆ ಬಗೆಯ ಹೆಡ್ ಒಂದೇ 36 ಕಿಲೋ ಆಸುಪಾಸು. ಅದರ ಜೋಡಿ ಬರುವ, 10 ಇಂಚಿನ 8 ಸ್ಪೀಕರ್‌ಗಳ ಪೆಟ್ಟಿಗೆ ಈಗಿನ ಮಾದರಿಯಲ್ಲೂ 60 ಕಿಲೋ ದಾಟುತ್ತದೆ. ಕೊಟ್ಟೂರು ತೇರಿನ ಹಾಗೆ, ನೋಡಲು ಚೆಂದ, ಎಳೆಯಲು ಊರು ಬೇಕು.

ಭಾರ ಇಳಿದ ಮೂರು ಮೆಟ್ಟಿಲು

ಮೊದಲ ಮೆಟ್ಟಿಲು ಟ್ರಾನ್ಸಿಸ್ಟರ್. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ 1961ರಲ್ಲಿ ವಾಲ್ವ್, 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್ ತಯಾರಿಸಲು ಆರಂಭಿಸಿತು. ವಾಲ್ವ್ ಹೋದಾಗ ಅದರ ಜೊತೆಗಿದ್ದ ಭಾರದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೂಡ ಹೋಯಿತು. ಮೈಕ್‌ಸೆಟ್ ರಿಪೇರಿ ಮಾಡುವವರಿಗೆ ಕಬ್ಬಿಣದ ಟೋಪಿಯಂತಿರುವ '3055' ಟ್ರಾನ್ಸಿಸ್ಟರ್ ಹಳೆಯ ಗೆಳೆಯ. ಕ್ಯಾಸೆಟ್ ಕಾಲದಲ್ಲಿ '4440' ಐಸಿ ಬೋರ್ಡ್‌ನಿಂದ ಹುಡುಗರು ಮನೆಯಲ್ಲೇ ಡೆಕ್ ಜೋಡಿಸಿಕೊಂಡರು.

ಎರಡನೆಯದು ಕರೆಂಟ್ ಪೂರೈಸುವ ಭಾಗ. ಹಳೆಯ ಆಂಪ್ಲಿಫೈಯರಿನಲ್ಲಿ ಕೈಗೆ ಭಾರ ತಾಗುತ್ತಿದ್ದದ್ದು ಮುಖ್ಯವಾಗಿ ಕಬ್ಬಿಣ ತಾಮ್ರದ ಟ್ರಾನ್ಸ್‌ಫಾರ್ಮರ್. ಮನೆಯ ಕರೆಂಟ್ ಸೆಕೆಂಡಿಗೆ 50 ಸಲ ತಿರುಗುತ್ತದೆ, ಅಷ್ಟು ನಿಧಾನಕ್ಕೆ ದೊಡ್ಡ ಕಬ್ಬಿಣ ಬೇಕು. ಅದನ್ನು ಸಾವಿರಾರು ಸಲಕ್ಕೆ ಏರಿಸಿದರೆ ಬೆಂಕಿಪೊಟ್ಟಣದಷ್ಟು ಟ್ರಾನ್ಸ್‌ಫಾರ್ಮರ್ ಸಾಕು. ನಿಮ್ಮ ಮೊಬೈಲ್ ಚಾರ್ಜರ್ ಹಗುರವಾಗಿರುವುದೂ ಇದರಿಂದಲೇ. 1970ರ ದಶಕದಲ್ಲಿ ವಾಲ್ಟರ್ ವುಡ್ಸ್ ಎಂಬ ಅಮೆರಿಕದ ತಂತ್ರಜ್ಞ ಈ ಉಪಾಯದಿಂದ ಕೈಯಲ್ಲಿ ಹಿಡಿಯಬಹುದಾದ ಬೇಸ್ ಹೆಡ್‌ಗಳನ್ನು ಮಾಡಿದರು. ಆಮೇಲೆ ಕ್ಲಾಸ್-ಡಿ ಆಂಪ್ಲಿಫೈಯರ್ ಬಳಕೆಗೆ ಬಂತು. ಹಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಎಳೆದ ಕರೆಂಟಿನ ದೊಡ್ಡ ಪಾಲನ್ನು ಬಿಸಿಯಾಗಿ ಕಳೆಯುತ್ತಿತ್ತು. ಕ್ಲಾಸ್-ಡಿ ಶೇ 90ರ ಆಸುಪಾಸು ಸ್ಪೀಕರಿಗೆ ಕೊಡುತ್ತದೆ. ಬಿಸಿ ಕಮ್ಮಿಯಾದ್ದರಿಂದ ದಪ್ಪ ಅಲ್ಯೂಮಿನಿಯಂ ರೆಕ್ಕೆಗಳೂ ಬೇಡವಾದವು. ಇವತ್ತು 300ರಿಂದ 500 ವ್ಯಾಟ್‌ನ ಹೆಡ್ 1ರಿಂದ 3 ಕಿಲೋದಲ್ಲಿ ಸಿಗುತ್ತದೆ.

ಮೂರನೆಯದು ಅಯಸ್ಕಾಂತ. 1980ರ ದಶಕದಲ್ಲಿ ಬಂದ ನಿಯೋಡೈಮಿಯಂ ಅಯಸ್ಕಾಂತ, ಸಾಮಾನ್ಯ ಕಪ್ಪು ಫೆರೈಟ್ ಅಯಸ್ಕಾಂತಕ್ಕಿಂತ ಬಹಳ ಚಿಕ್ಕದಿದ್ದೂ ಅಷ್ಟೇ ಬಲ ಕೊಡುತ್ತದೆ. ಒಂದೊಂದು ಸ್ಪೀಕರಿನಲ್ಲೂ ಕಿಲೋಗಟ್ಟಲೆ ಇಳಿಯಿತು. ಆದರೆ ಅದರ ಬೆಲೆ ಚೀನಾದ ಕೈಯಲ್ಲಿದೆ. 2010-11ರಲ್ಲಿ ಚೀನಾ ರಫ್ತು ಬಿಗಿ ಮಾಡಿದಾಗ ಬೆಲೆ ಗಗನಕ್ಕೇರಿತು. ಹಗುರ ಬೇಕೋ ಅಗ್ಗ ಬೇಕೋ ಅನ್ನುವ ಪ್ರಶ್ನೆ ಇಲ್ಲಿ ಇನ್ನೂ ಇದೆ.

ಒಂದು ನಿಯಮ ಮಾತ್ರ ಬದಲಾಗಿಲ್ಲ. ಪೆಟ್ಟಿಗೆ ಚಿಕ್ಕದಿರಬೇಕು, ಸ್ವರ ತಗ್ಗಿನಲ್ಲಿರಬೇಕು, ಕಡಿಮೆ ವ್ಯಾಟ್‌ನಲ್ಲೇ ಜೋರಾಗಿ ಕೇಳಬೇಕು. ಈ ಮೂರರಲ್ಲಿ ಎರಡು ಮಾತ್ರ ಸಿಗುತ್ತವೆ. ಇದನ್ನು ಹಾಫ್‌ಮನ್ ಎಂಬ ಸ್ಪೀಕರ್ ತಜ್ಞರ ಕಬ್ಬಿಣದ ನಿಯಮ ಅನ್ನುತ್ತಾರೆ. ವ್ಯಾಟ್ ಅಗ್ಗವಾಗಿದ್ದರಿಂದ ಈಗ ಮೂರನೆಯದನ್ನು ಬಿಟ್ಟು, ಚಿಕ್ಕ ಪೆಟ್ಟಿಗೆಗೆ ಜಾಸ್ತಿ ವ್ಯಾಟ್ ಹಾಕುತ್ತಾರೆ.

ಡಿಜೆ ತಂದ ಅನುಕೂಲ

ನಮ್ಮ ತಾಲ್ಲೂಕುಗಳಿಗೆ ಕೆಳದನಿ ಯಂತ್ರದ ಮೂಲಕ ಜೋರಾಗಿ ಬಂದದ್ದು ಡಿಜೆ ಜೊತೆ. 18 ಇಂಚಿನ ಸ್ಪೀಕರ್ ಇರುವ ಬೇಸ್ ಬಾಕ್ಸ್‌ಗಳು ಟ್ರ್ಯಾಕ್ಟರ್, ಟಾಟಾ ಏಸ್ ಏರಿ ಗಣಪತಿ ಮೆರವಣಿಗೆಗೆ, ಮದುವೆಗೆ ಬರುತ್ತವೆ. ಅದರ ಕಾಟ ಎಲ್ಲರಿಗೂ ಗೊತ್ತು. ಕೇಂದ್ರದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು.

ಆದರೆ ಬೇಸ್ ಬಾರಿಸುವವರಿಗೆ ಇದರಲ್ಲಿ ಒಂದು ಲಾಭ ಇದೆ. ಭಾರದ ಪೆಟ್ಟಿಗೆ ಈಗ ಮೈಕ್‌ಸೆಟ್‌ನವರ ಹತ್ತಿರವೇ ಇದೆ, ಅವರ ಗಾಡಿಯಲ್ಲೇ ಬರುತ್ತದೆ. ಗಿಟಾರಿನಿಂದ ಡಿಐ ಬಾಕ್ಸ್ ಎಂಬ ಚಿಕ್ಕ ಡಬ್ಬಿಯ ಮೂಲಕ ಅವರ ಮಿಕ್ಸರಿಗೆ ತಂತಿ ಕೊಟ್ಟರೆ ಊರಿಗೆ ಕೇಳಿಸುವ ಕೆಲಸ ಅವರ ಬೇಸ್ ಬಾಕ್ಸ್‌ಗಳದ್ದು. ಬಾರಿಸುವವರು ತರಬೇಕಾದದ್ದು ತನಗೂ ಪಕ್ಕದವರಿಗೂ ಕೇಳುವಷ್ಟು ಮಾತ್ರ.

ಈಗ ಜೋಡಿಸುವುದಾದರೆ

ಹೆಡ್: ಕ್ಲಾಸ್-ಡಿ ಇರಲಿ, ಡಿಐ ಔಟ್ ಅದರಲ್ಲೇ ಇದ್ದರೆ ಬೇರೆ ಡಬ್ಬಿ ಬೇಡ. ಸೆಕೆಂಡ್‌ಹ್ಯಾಂಡ್ ಆದರೆ ಅರ್ಧ ಗಂಟೆ ಜೋರಾಗಿ ಬಾರಿಸಿ ನೋಡಿಯೇ ಕೊಳ್ಳಿ. ಮನೆಯಲ್ಲಿ ಅಭ್ಯಾಸಕ್ಕೆ ಮಾತ್ರ ಆದರೆ ಟಿಪಿಎ3116 ಐಸಿಯ ಕ್ಲಾಸ್-ಡಿ ಬೋರ್ಡ್, 24 ವೋಲ್ಟ್ ಅಡಾಪ್ಟರ್ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ, ಆನ್‌ಲೈನ್‌ನಲ್ಲಿ ಇವು ಸಿಗುತ್ತವೆ. ಗಿಟಾರಿನ ಸಣ್ಣ ಸದ್ದು ಎತ್ತಿಕೊಡಲು ಮುಂದೊಂದು ಪ್ರೀಆಂಪ್ ಬೇಕಾಗುತ್ತದೆ.

ಸ್ಪೀಕರ್: ಬೇಸ್‌ಗೆ ಎಂದೇ ಮಾಡಿದ 12 ಇಂಚಿನದು ಒಂದು. ಮಾಮೂಲಿ ಗಿಟಾರ್ ಸ್ಪೀಕರ್ ಹಾಕಿದರೆ ಕೋನ್ ಹರಿಯಬಹುದು. ದುಡ್ಡು ಕಡಿಮೆಯಿದ್ದರೆ ಫೆರೈಟ್ ಅಯಸ್ಕಾಂತದ್ದೇ ಇರಲಿ, ಕೆಲವು ಕಿಲೋ ಜಾಸ್ತಿಯಾದರೂ ಒಂದೇ ಸ್ಪೀಕರ್ ತಾನೇ.

ಪೆಟ್ಟಿಗೆ: 18 ಮಿ.ಮೀ. ಹಲಗೆ ಬದಲು 12 ಮಿ.ಮೀ. ಪ್ಲೈವುಡ್, ಒಳಗೆ ಅಡ್ಡಪಟ್ಟಿ ಕೊಟ್ಟು ಬಿಗಿ ಮಾಡಿದರೆ ಅದುರುವುದಿಲ್ಲ. ಎಂಡಿಎಫ್ ಅಗ್ಗ, ಆದರೆ ಭಾರ, ನೀರು ತಾಗಿದರೆ ಉಬ್ಬುತ್ತದೆ. ಪೆಟ್ಟಿಗೆಯ ಅಳತೆಯನ್ನು ಸ್ಪೀಕರ್ ಕಂಪನಿ ಕೊಟ್ಟ ಲೆಕ್ಕದಂತೆ ನಮ್ಮೂರ ಬಡಗಿಯವರಿಂದಲೇ ಮಾಡಿಸಬಹುದು.

ಮುಂದೆ ದೊಡ್ಡದು ಬೇಕಾದರೆ ಇಂಥದ್ದೇ ಇನ್ನೊಂದು ಪೆಟ್ಟಿಗೆ, ಕೈಗೊಂದು. 8 ಓಮ್‌ನ ಎರಡು ಪೆಟ್ಟಿಗೆ ಪಕ್ಕಪಕ್ಕ ಜೋಡಿಸಿದರೆ 4 ಓಮ್ ಆಗುತ್ತದೆ. ಹೆಡ್ ಮೇಲೆ ಬರೆದ ಕನಿಷ್ಠ ಓಮ್‌ಗಿಂತ ಕೆಳಗೆ ಹೋಗಬೇಡಿ, ಸುಡುತ್ತದೆ.

ಎಲ್ಲಕ್ಕಿಂತ ಮುಖ್ಯ ಅರ್ಥಿಂಗ್. ಗಿಟಾರಿನ ತಂತಿ ಆಂಪ್ಲಿಫೈಯರಿನ ಅರ್ಥ್‌ಗೆ ಸೇರಿರುತ್ತದೆ. ಆಂಪ್ಲಿಫೈಯರ್ ಒಂದು ಲೈನಿನಿಂದ, ಮೈಕ್ ಇನ್ನೊಂದು ಲೈನಿನಿಂದ ಬಂದು, ಒಂದಕ್ಕೆ ಅರ್ಥ್ ಇಲ್ಲದಿದ್ದರೆ ತಂತಿ ಹಿಡಿದ ಕೈ ಮತ್ತು ಮೈಕಿಗೆ ತಾಗಿದ ತುಟಿ ನಡುವೆ ಶಾಕ್ ಹೊಡೆಯುತ್ತದೆ. ಜೀವ ಹೋಗಬಹುದು. ಮೂರು ಪಿನ್‌ನ ಪ್ಲಗ್ಗಿನ ಅರ್ಥ್ ಪಿನ್ ಕಿತ್ತು ಹಾಕಬೇಡಿ. ವೇದಿಕೆಯ ಎಲ್ಲ ಸಾಮಾನಿಗೂ ಒಂದೇ ಲೈನ್ ಕೊಡಲು ಮೈಕ್‌ಸೆಟ್‌ನವರಿಗೆ ಹೇಳಿ. ಚಿಕ್ಕ ಆರ್‌ಸಿಸಿಬಿ ಸ್ವಿಚ್ ಜೊತೆಗೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಹೆಡ್ ಬ್ಯಾಗಿನಲ್ಲಿ, ಪೆಟ್ಟಿಗೆ ಒಂದು ಕೈಯಲ್ಲಿ, ಗಿಟಾರ್ ಬೆನ್ನಿಗೆ. ಇಷ್ಟು ಹೊತ್ತು ಕೊಟ್ಟೂರಿನಲ್ಲಿ ಬಸ್ ಹತ್ತಿ ಹಡಗಲಿಯಲ್ಲಿ ಇಳಿಯಬಹುದು. 2008ರಲ್ಲಿ ಬಂದ ರಘು ದೀಕ್ಷಿತ್ ಅವರ ಮೊದಲ ಆಲ್ಬಂನಲ್ಲಿ ಶಿಶುನಾಳ ಷರೀಫರ ಪದವನ್ನು ಗಿಟಾರ್, ಬೇಸ್, ಡ್ರಮ್ ಜೊತೆ ಕೇಳಿದವರಿಗೆ ಜನಪದಕ್ಕೂ ಈ ನಾಲ್ಕು ತಂತಿಗೂ ಹೊಂದುತ್ತದೆ ಅಂತ ಗೊತ್ತು. ಚೌಡಿಕೆ ಪದದ ಪಕ್ಕದಲ್ಲಿ, ಭಜನೆ ಮೇಳದ ಹಿಂದೆ ಬೇಸ್ ನಿಂತರೆ ಹೇಗಿರುತ್ತದೆ ಅನ್ನುವುದನ್ನು ನಮ್ಮ ಐದೂ ತಾಲ್ಲೂಕಿನ ಹುಡುಗ ಹುಡುಗಿಯರು ಬಾರಿಸಿಯೇ ತೋರಿಸಬೇಕು. ಹೊರಲಾಗದು ಅನ್ನುವ ಕಾರಣವಂತೂ ಇನ್ನು ಉಳಿದಿಲ್ಲ.