ಕಿರುಬೆರಳಿನ ಮೇಲಿನ ಹೊರೆ

ಟೈಪಿಂಗ್ ಶಾಲೆಯಲ್ಲಿ ಕಲಿಸುವ ಕ್ರಮದಲ್ಲಿ ಕೀಬೋರ್ಡಿನ ಮೇಲೆ ಕೈಯಿಟ್ಟು, ಬಲಗೈ ಕಿರುಬೆರಳಿನ ಪಾಲಿಗೆ ಏನೇನು ಬಂದಿದೆ ಎಂದು ನೋಡಿ. ಪಿ ಅಕ್ಷರ, ಸೆಮಿಕೋಲನ್, ಸ್ಲ್ಯಾಶ್, ಉದ್ಧರಣ ಚಿಹ್ನೆ, ಹೈಫನ್, ಸಮ ಚಿಹ್ನೆ, ಚೌಕಾವರಣ, ಪುಷ್ಪಾವರಣ, ಇವೆಲ್ಲ ಸಾಲದೆಂಬಂತೆ ಎಂಟರ್, ಬ್ಯಾಕ್‌ಸ್ಪೇಸ್ ಮತ್ತು ಶಿಫ್ಟ್. ಎಡಗೈ ಕಿರುಬೆರಳಿಗೆ ಟ್ಯಾಬ್, ಎಸ್ಕೇಪ್, ಕಂಟ್ರೋಲ್ ಮತ್ತು ಇನ್ನೊಂದು ಶಿಫ್ಟ್. ಕೈಯಲ್ಲೇ ಗಟ್ಟಿಯಾದ ಹೆಬ್ಬೆರಳುಗಳೆರಡೂ ಸೇರಿ ಒಂದೇ ಒಂದು ಸ್ಪೇಸ್‌ಬಾರ್ ಒತ್ತುತ್ತವೆ. ಪತ್ರ ಬರೆಯುವವರಿಗೆ ಇದು ಅಷ್ಟಾಗಿ ಬಾಧಿಸದು. ಕೋಡ್ ಬರೆಯುವವರಿಗೆ ಹಾಗಲ್ಲ. ಮೇಲೆ ಹೇಳಿದ ಚಿಹ್ನೆಗಳಿಲ್ಲದ ಸಾಲೇ ಅವರಿಗೆ ಅಪರೂಪ. ಹೀಗಾಗಿ ಪ್ರೋಗ್ರಾಮರುಗಳ ಕೀಬೋರ್ಡ್ ಬೆಳೆದುಬಂದ ಬಗೆಯನ್ನು ಕಿರುಬೆರಳಿನ ಕಡೆಯಿಂದ ನೋಡುವುದೇ ಸರಿಯಾದ ದಾರಿ ಎಂದು ನನ್ನ ಎಣಿಕೆ.

ಮೂಲ ಟೈಪ್‌ರೈಟರಿನದು. ಅಮೆರಿಕದ ಮಿಲ್ವಾಕಿಯ ಕ್ರಿಸ್ಟೋಫರ್ ಲೇಥಮ್ ಶೋಲ್ಸ್ ಮತ್ತು ಜೊತೆಗಾರರು 1868ರಲ್ಲಿ ಪೇಟೆಂಟ್ ಪಡೆದರು. 1870ರ ದಶಕದಲ್ಲಿ ರೆಮಿಂಗ್ಟನ್ ಕಂಪನಿ ಆ ಯಂತ್ರವನ್ನು ಮಾರುಕಟ್ಟೆಗೆ ತಂದಿತು. 1878ರ ಪೇಟೆಂಟಿನ ಹೊತ್ತಿಗೆ ಇಂದಿನ ಕ್ವರ್ಟಿ ಜೋಡಣೆ ಹೆಚ್ಚುಕಡಿಮೆ ಸಿದ್ಧವಾಗಿತ್ತು. ಸಾಲುಗಳು ಒಂದರ ಕೆಳಗೊಂದು ನೇರವಾಗಿರದೆ ಓರೆಯಾಗಿ ಸರಿದಿರುವುದಕ್ಕೆ ಕಾರಣ ಆ ಯಂತ್ರದ ಸನ್ನೆಕೋಲುಗಳು: ಪ್ರತಿ ಕೀಲಿಯಡಿಯ ಕೋಲಿಗೂ ಸಾಗಲು ಜಾಗ ಬೇಕಿತ್ತು. ಕೋಲುಗಳು ಹೋಗಿ ದಶಕಗಳೇ ಆದವು, ಓರೆ ಮಾತ್ರ ಉಳಿದಿದೆ. ಟೈಪ್ ಮಾಡುವವರ ವೇಗ ಕಡಿಮೆ ಮಾಡಲೆಂದೇ ಕ್ವರ್ಟಿ ಹುಟ್ಟಿತು ಎಂಬ ಕಥೆಗೆ ಗಟ್ಟಿ ಆಧಾರವಿಲ್ಲ.

ಅಕ್ಷರಗಳ ಜಾಗ ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಎಂದವರು ಆಗಸ್ಟ್ ಡ್ವೊರಾಕ್. 1936ರಲ್ಲಿ ಪೇಟೆಂಟ್ ಪಡೆದ ಅವರ ಜೋಡಣೆಯಲ್ಲಿ ಸ್ವರಗಳೆಲ್ಲ ಎಡಗೈಯ ನಡುಸಾಲಿಗೆ ಬಂದವು. ಅದರ ಹೆಚ್ಚುಗಾರಿಕೆ ಸಾರಿದ ಹಳೆಯ ಪ್ರಯೋಗಗಳನ್ನು 1990ರಲ್ಲಿ ಲೀಬೋವಿಟ್ಜ್ ಮತ್ತು ಮಾರ್ಗೋಲಿಸ್ ಎಂಬ ಅರ್ಥಶಾಸ್ತ್ರಜ್ಞರು ಕಟುವಾಗಿ ಪ್ರಶ್ನಿಸಿದರು. ಆ ಜಗಳ ಹಾಗಿರಲಿ. ಡ್ವೊರಾಕ್ ಆಗಲಿ, 2006ರಲ್ಲಿ ಬಂದ ಕೋಲ್‌ಮ್ಯಾಕ್ ಆಗಲಿ ಹೊಂದಿಸಿದ್ದು ಇಂಗ್ಲಿಷ್ ಅಕ್ಷರಗಳನ್ನು. ಎಂಟರ್, ಶಿಫ್ಟ್, ಆವರಣ ಚಿಹ್ನೆಗಳು ಕಿರುಬೆರಳಿನ ಬಳಿಯೇ ಉಳಿದವು.

ಕಂಪ್ಯೂಟರಿಗೇ ಸೇರಿದ ಕಥೆ ಶುರುವಾಗುವುದು ಟರ್ಮಿನಲ್ಲುಗಳ ಕಾಲದಲ್ಲಿ. 1960ರ ದಶಕದ ಟೆಲಿಟೈಪ್ 33ರಲ್ಲಿ ಕಂಟ್ರೋಲ್ ಕೀ ಇದ್ದದ್ದು ಎ ಅಕ್ಷರದ ಪಕ್ಕದಲ್ಲಿ, ಇಂದು ಕ್ಯಾಪ್ಸ್‌ಲಾಕ್ ಕೂತಿರುವ ಕಡೆ. 1976ರ ಎಡಿಎಂ-3ಎ ಟರ್ಮಿನಲ್ಲಿನಲ್ಲೂ ಹಾಗೆಯೇ. ಅದರಲ್ಲಿ ಎಸ್ಕೇಪ್ ಇದ್ದದ್ದು ಇಂದಿನ ಟ್ಯಾಬಿನ ಜಾಗದಲ್ಲಿ, ಬಾಣದ ಗುರುತುಗಳು ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆ. ಬಿಲ್ ಜಾಯ್ ಬರ್ಕ್‌ಲಿಯಲ್ಲಿ ವಿಐ ಎಡಿಟರ್ ಬರೆದದ್ದು ಇಂಥ ಟರ್ಮಿನಲ್ಲಿನ ಮುಂದೆ ಕೂತು. ಮಾತುಮಾತಿಗೆ ಎಸ್ಕೇಪ್ ಒತ್ತಿಸುವ ಎಡಿಟರ್ ಇದೇಕೆ ಎಂದು ಇಂದು ಗೊಣಗುವವರು ಆ ಕೀಬೋರ್ಡನ್ನು ನೋಡಬೇಕು. ಅಲ್ಲಿ ಎಸ್ಕೇಪ್ ಬೆರಳಿನ ತುದಿಯಲ್ಲೇ ಇತ್ತು. ಎಂಐಟಿಯಲ್ಲಿ ಲಿಸ್ಪ್ ಭಾಷೆಯ ಕಂಪ್ಯೂಟರುಗಳಿಗೆಂದು ಮಾಡಿದ ‘ಸ್ಪೇಸ್ ಕೆಡೆಟ್’ ಕೀಬೋರ್ಡಿನಲ್ಲಿ ಕಂಟ್ರೋಲ್, ಮೆಟಾ, ಸೂಪರ್, ಹೈಪರ್ ಎಂಬ ಕೀಲಿಗಳು ಸ್ಪೇಸ್‌ಬಾರಿನ ಎರಡೂ ಬದಿಗೆ ಸಾಲಾಗಿದ್ದವು. ಕಂಟ್ರೋಲ್ ಹೆಬ್ಬೆರಳಿಗೆ ಸಿಗುತ್ತಿತ್ತು. ಈಮ್ಯಾಕ್ಸ್ ಎಂಬ ಎಡಿಟರಿನ ಕಂಟ್ರೋಲ್-ಪ್ರಧಾನ ಆಜ್ಞೆಗಳನ್ನು ಅಲ್ಲಿನವರು ದಣಿವಿಲ್ಲದೆ ಬಳಸಿದ್ದರ ಗುಟ್ಟು ಇದೇ.

ಕೆಡುಕಾದದ್ದು ಆಮೇಲೆ. 1981ರ ಮೊದಲ ಐಬಿಎಂ ಪಿಸಿಯಲ್ಲೂ ಕಂಟ್ರೋಲ್ ಎ ಅಕ್ಷರದ ಪಕ್ಕದಲ್ಲೇ ಇತ್ತು. 1980ರ ದಶಕದ ನಡುವೆ ಬಂದ ಐಬಿಎಂನದೇ 101 ಕೀಲಿಗಳ ಮಾಡೆಲ್ ಎಂ ಕೀಬೋರ್ಡ್ ಆ ಜಾಗವನ್ನು ಕ್ಯಾಪ್ಸ್‌ಲಾಕಿಗೆ ಕೊಟ್ಟು ಕಂಟ್ರೋಲನ್ನು ಕೆಳಗಿನ ಮೂಲೆಗೆ ದೂಡಿತು. ಜಗತ್ತೆಲ್ಲ ಅದನ್ನೇ ನಕಲು ಮಾಡಿತು. ಕಿರುಬೆರಳನ್ನು ಮಡಚಿ ಮೂಲೆಗೆ ಚಾಚುವ ಅಭ್ಯಾಸ ಅಲ್ಲಿಂದ ಬಂತು. ಅದರಿಂದಾಗುವ ನೋವಿಗೆ ‘ಈಮ್ಯಾಕ್ಸ್ ಕಿರುಬೆರಳು’ ಎಂಬ ಅಡ್ಡಹೆಸರೂ ಬಂತು. ತಪ್ಪು ಈಮ್ಯಾಕ್ಸಿನದಲ್ಲ, ಕೀಬೋರ್ಡಿನದು. ಜಪಾನಿನ ವಿಜ್ಞಾನಿ ಎಯಿಟಿ ವಾಡ ಅವರ ಕಲ್ಪನೆಯಿಂದ 1996ರಲ್ಲಿ ಬಂದ ಹ್ಯಾಪಿ ಹ್ಯಾಕಿಂಗ್ ಕೀಬೋರ್ಡ್ ಕಂಟ್ರೋಲನ್ನು ಹಳೆಯ ಜಾಗಕ್ಕೆ ಮರಳಿಸಿತು.

ಇದರ ಪಕ್ಕದಲ್ಲೇ ಇನ್ನೊಂದು ಧಾರೆ, ಮಣಿಕಟ್ಟಿನದು. ಭುಜದಗಲದಲ್ಲಿರುವ ಎರಡು ಕೈಗಳನ್ನು ಎದೆಯ ಮುಂದಿನ ಕಿರಿದಾದ ಹಲಗೆಯೊಂದರ ಮೇಲೆ ತಂದರೆ ಮಣಿಕಟ್ಟುಗಳು ಕಿರುಬೆರಳಿನ ಕಡೆಗೆ ಸೊಟ್ಟಗಾಗುತ್ತವೆ. ಜರ್ಮನಿಯ ಕ್ಲೋಕೆನ್‌ಬರ್ಗ್ 1926ರಲ್ಲೇ ಕೀಬೋರ್ಡನ್ನು ಎರಡು ಭಾಗ ಮಾಡುವ ಮಾತಾಡಿದ್ದರು. 1972ರಲ್ಲಿ ಕ್ರೋಮರ್ ಎಂಬ ಸಂಶೋಧಕರು ಅದನ್ನು ಪ್ರಯೋಗಕ್ಕೆ ಒಡ್ಡಿದರು. ಅದೇ ದಶಕದಲ್ಲಿ ಬ್ರಿಟನ್ನಿನ ಟೈಪಿಂಗ್ ತರಬೇತುಗಾರ್ತಿ ಲಿಲಿಯನ್ ಮಾಲ್ಟ್ ಮತ್ತು ಎಂಜಿನಿಯರ್ ಸ್ಟೀಫನ್ ಹಾಬ್‌ಡೇ ಸೇರಿ ಮಾಲ್ಟ್ರಾನ್ ಮಾಡಿದರು. ಬೆರಳುಗಳ ಉದ್ದಕ್ಕೆ ತಕ್ಕಂತೆ ಬಟ್ಟಲಿನ ಹಾಗೆ ತಗ್ಗಾದ ಕೀಲಿಗಳು. ಹೆಬ್ಬೆರಳಿಗೆ ಪ್ರತ್ಯೇಕ ಗುಂಪು. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬರುವ ಇ ಅಕ್ಷರವನ್ನೇ ತಮ್ಮ ಜೋಡಣೆಯಲ್ಲಿ ಎಡ ಹೆಬ್ಬೆರಳಿಗೆ ಒಪ್ಪಿಸುವಷ್ಟು ಧೈರ್ಯ ಅವರದು. 1992ರ ಕಿನೆಸಿಸ್ ಕೀಬೋರ್ಡ್ ಅದೇ ಬಟ್ಟಲನ್ನು ತೆಗೆದುಕೊಂಡು ಅಕ್ಷರಗಳನ್ನು ಕ್ವರ್ಟಿಯಲ್ಲೇ ಬಿಟ್ಟು ಎಂಟರ್, ಬ್ಯಾಕ್‌ಸ್ಪೇಸ್, ಕಂಟ್ರೋಲುಗಳನ್ನು ಹೆಬ್ಬೆರಳಿಗೆ ಕೊಟ್ಟಿತು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ವಿವೇಕದ ನಿರ್ಧಾರ ಅದು. 1994ರ ಮೈಕ್ರೋಸಾಫ್ಟ್ ನ್ಯಾಚುರಲ್ ಮಣಿಕಟ್ಟನ್ನು ನೇರ ಮಾಡಿತು, ಜನಪ್ರಿಯವೂ ಆಯಿತು. ಕಿರುಬೆರಳಿನ ಪಾಡು ಮಾತ್ರ ಹಾಗೇ ಉಳಿಯಿತು.

ಇವುಗಳಿಂದ ಗುಣವಿದೆಯೇ? 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಕೈನೋವಿದ್ದ 80 ಮಂದಿಗೆ ಬೇರೆಬೇರೆ ಕೀಬೋರ್ಡ್ ಕೊಟ್ಟು ಆರು ತಿಂಗಳು ಗಮನಿಸಿತು. ಮೈಕ್ರೋಸಾಫ್ಟ್ ನ್ಯಾಚುರಲ್ ಬಳಸಿದವರಲ್ಲಿ ನೋವು ಇಳಿದದ್ದು ಕಂಡುಬಂತು. ಡೆನ್ಮಾರ್ಕಿನಲ್ಲಿ ಸುಮಾರು 7,000 ಜನರನ್ನು ಒಂದು ವರ್ಷ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಕೀಬೋರ್ಡಿಗೂ ಮಣಿಕಟ್ಟಿನ ನರ ಒತ್ತಿ ಬರುವ ಕಾರ್ಪಲ್ ಟನಲ್ ತೊಂದರೆಗೂ ಗಟ್ಟಿಯಾದ ನಂಟು ಕಾಣಲಿಲ್ಲ. ವಾರಕ್ಕೆ 20 ಗಂಟೆಗೂ ಹೆಚ್ಚು ಮೌಸ್ ಹಿಡಿದವರಲ್ಲಿ ಲಕ್ಷಣಗಳು ಹೆಚ್ಚಿದ್ದವು. ಬಲಬದಿಯ ಅಂಕೆಗಳ ಗುಂಪಿಲ್ಲದ ಚಿಕ್ಕ ಕೀಬೋರ್ಡಿಗೆ ಇದು ಒಳ್ಳೆಯ ಸಮರ್ಥನೆ: ಮೌಸಿಗೆ ಕೈ ಅಷ್ಟು ದೂರ ಚಾಚಬೇಕಿಲ್ಲ.

ಅಂಗಡಿಯಲ್ಲಿ ಹೆಚ್ಚು ಮಾತು ನಡೆಯುವುದು ಮಾತ್ರ ಕೀಲಿಯಡಿಯ ಸ್ವಿಚ್ಚಿನ ಬಗ್ಗೆ. ಮಾಡೆಲ್ ಎಂನ ಬಾಗುವ ಸ್ಪ್ರಿಂಗ್, 1980ರ ದಶಕದಲ್ಲಿ ಬಂದ ಜರ್ಮನಿಯ ಚೆರ್ರಿ ಎಂಎಕ್ಸ್, ಪೇಟೆಂಟ್ ಮುಗಿದ ಮೇಲೆ ಬಂದ ಚೀನಾದ ಅಗ್ಗದ ಸ್ವಿಚ್ಚುಗಳು. ನಮ್ಮಲ್ಲಿ ಈ ರುಚಿ ಹೊಸದಲ್ಲ: ಬಿಲ್ಲಿಂಗ್ ಕೌಂಟರುಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ವರ್ಷಗಟ್ಟಲೆ ಟಕಟಕ ಎಂದ ಟಿವಿಎಸ್ ಗೋಲ್ಡ್ ಕೀಬೋರ್ಡಿನ ಒಳಗೆ ಇದ್ದದ್ದು ಚೆರ್ರಿಯ ನೀಲಿ ಸ್ವಿಚ್ಚೇ. ಹಗುರವಾಗಿ ಒತ್ತಿದರೆ ಸಾಕಾಗುವ ಸ್ವಿಚ್ ಬೆರಳಿಗೆ ಹಿತ, ನಿಜ. ಅದರ ಸದ್ದು ಪಕ್ಕದಲ್ಲಿ ಕೂತವರಿಗೆ ಬಿಟ್ಟ ವಿಷಯ.

2010ರ ದಶಕದಲ್ಲಿ ಕಿರುಬೆರಳಿನ ಮತ್ತು ಮಣಿಕಟ್ಟಿನ ಎರಡು ಧಾರೆಗಳೂ ಕೂಡಿದವು. ಎರಡು ತುಂಡಾಗಿ ಬಿಡಿಬಿಡಿಯಾದ, ನೇರ ಕಂಬಸಾಲುಗಳ, ಹೆಬ್ಬೆರಳಿಗೆ ಗುಂಪುಕೀಲಿಗಳಿರುವ ಎರ್ಗೋಡಾಕ್ಸ್ ವಿನ್ಯಾಸವನ್ನು ಹವ್ಯಾಸಿಗಳು ಮುಕ್ತವಾಗಿ ಹಂಚಿದರು. ಕ್ಯೂಎಂಕೆ ಎಂಬ ಮುಕ್ತ ತಂತ್ರಾಂಶದಿಂದ ಯಾವ ಕೀಲಿಗೂ ಯಾವ ಕೆಲಸವನ್ನಾದರೂ ಕೊಡಬಹುದಾಯಿತು: ಮೆಲ್ಲನೆ ತಟ್ಟಿದರೆ ಅಕ್ಷರ, ಒತ್ತಿಹಿಡಿದರೆ ಕಂಟ್ರೋಲ್. ಆಮೇಲೆ 42 ಕೀಲಿಗಳಿಗೆ ಇಳಿದ ಕಾರ್ನೆಯಂಥವು ಬಂದವು. ಕೀಲಿ ಕಡಿಮೆ ಮಾಡುವ ಈ ಪೈಪೋಟಿ ಒಂದು ಹಂತ ದಾಟಿದ ಮೇಲೆ ವ್ರತದಂತೆ ಕಾಣುತ್ತದೆ. ಅಂಕೆ ಬರೆಯಲು ಎರಡು ಬೆರಳು ಬೇಕಾದರೆ ಗಳಿಸಿದ್ದೇನು?

ಕನ್ನಡದಲ್ಲೂ ಬರೆಯುವ ಪ್ರೋಗ್ರಾಮರ್ ಇನ್ನೊಂದನ್ನು ಗಮನಿಸಬೇಕು. ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದಿಂದ ಮನೆಮಾತಾದ ಜೋಡಣೆಯಲ್ಲಿ ಮಹಾಪ್ರಾಣಕ್ಕೂ ದೀರ್ಘಕ್ಕೂ ಳಕಾರಕ್ಕೂ ಶಿಫ್ಟ್ ಬೇಕು. ‘ಧಾರಾಳ’ ಎಂದು ಬರೆಯಲು ಒತ್ತುವ ಐದು ಕೀಲಿಗಳಲ್ಲಿ ನಾಲ್ಕಕ್ಕೆ ಶಿಫ್ಟ್! ಕಲಿಯಲು ಇಷ್ಟು ಸುಲಭವಾದ ಜೋಡಣೆ ಬೇರೊಂದಿಲ್ಲವಾದರೂ ಅದರ ಕಂದಾಯ ಕಟ್ಟುವುದು ಕಿರುಬೆರಳೇ. ಹೆಬ್ಬೆರಳಿನಡಿ ಶಿಫ್ಟ್ ಬಂದರೆ ಕೋಡಿಗಿಂತ ಕನ್ನಡಕ್ಕೇ ಲಾಭ ಹೆಚ್ಚು. ಇನ್ನು, ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಡ್ವೊರಾಕ್ ಆರಿಸಿಕೊಂಡವರಿಗೆ ಕನ್ನಡಕ್ಕೆ ಹೊರಳಿದೊಡನೆ ಸಾಮಾನ್ಯವಾಗಿ ಕ್ವರ್ಟಿಯ ಜಾಗಗಳೇ ಎದುರಾಗುತ್ತವೆ. ಎರಡೆರಡು ನಕ್ಷೆ ತಲೆಯಲ್ಲಿಟ್ಟುಕೊಳ್ಳುವ ಸಂಕಟ ಬೇಡವೆನ್ನುವವರು ಕ್ವರ್ಟಿಯಲ್ಲೇ ಇರಲಿ.

ಕೊಳ್ಳುವ ಮೊದಲು ಮಾಡಬೇಕಾದ ಕೆಲಸಕ್ಕೆ ಕಾಸು ಬೇಡ: ಕ್ಯಾಪ್ಸ್‌ಲಾಕನ್ನು ಕಂಟ್ರೋಲ್ ಆಗಿ ಬದಲಿಸಿ. ಮ್ಯಾಕ್ ಮತ್ತು ಲಿನಕ್ಸಿನಲ್ಲಿ ಸೆಟ್ಟಿಂಗಿನಲ್ಲೇ ಆಗುತ್ತದೆ, ವಿಂಡೋಸಿನಲ್ಲಿ ಪವರ್‌ಟಾಯ್ಸ್ ಸಾಕು. ಕೀಬೋರ್ಡಿನ ಹಿಂಗಾಲುಗಳನ್ನು ಮಡಚಿ, ಮಣಿಕಟ್ಟು ಹಿಂದಕ್ಕೆ ಬಾಗುವುದು ತಪ್ಪುತ್ತದೆ. ಇಷ್ಟರಿಂದಲೂ ನೆಮ್ಮದಿಯಾಗದಿದ್ದರೆ ಎರಡು ತುಂಡಿನ, ಹೆಬ್ಬೆರಳಿಗೆ ಕೆಲಸ ಕೊಡುವ ಕೀಬೋರ್ಡನ್ನು ಗೆಳೆಯರಿಂದ ಕೆಲವು ದಿನಕ್ಕೆ ಎರವಲು ತನ್ನಿ. ಮೊದಲ ವಾರ ವೇಗ ಕುಸಿಯುತ್ತದೆ, ಅದನ್ನು ನೋಡಿ ತೀರ್ಪು ಕೊಡಬೇಡಿ. ಬೆರಳುಗಳು ಜೋಮು ಹಿಡಿಯುತ್ತಿದ್ದರೆ, ರಾತ್ರಿ ನೋವಿಗೆ ಎಚ್ಚರವಾಗುತ್ತಿದ್ದರೆ, ಬೆಂಗಳೂರಿನ ಎಸ್‌.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಲ್ಲ, ವೈದ್ಯರ ಬಳಿಗೆ ಹೋಗಿ.